ಬಿಸಿ ಕಡೆ, ತಂಪು ಕಡೆ

"ಅಭಿನಂದನೆಗಳು!" ಎಂದು ಟ್ಯಾಬಿನ ಪರದೆಯ ಮೇಲೆ ಬಣ್ಣಬಣ್ಣದ ಚೂರುಗಳು ಉದುರಿದವು. ಗುಬ್ಬಿ ಈ ತಿಂಗಳ ಅತ್ಯುತ್ತಮ ಕೆಲಸಗಾರ್ತಿಯಂತೆ. ಸೋಮವಾರದಿಂದ ಅವಳಿಗೆ ಇನ್ನೂ ದೊಡ್ಡ ಇಸ್ತ್ರಿ ಯಂತ್ರ, ಇನ್ನೂ ಹೆಚ್ಚು ಗುರಿ. ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿ ಅದನ್ನು ಬೆರಳಿನಿಂದ ಸರಿಸಿದಳು. ಅದರ ಕೆಳಗೇ ಇನ್ನೊಂದು ಸಂದೇಶ ಕಾದು ಕೂತಿತ್ತು. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯ ಕೆಲಸಗಾರ್ತಿಯ ವೇಗ ಸತತವಾಗಿ ಕುಸಿದಿರುವುದರಿಂದ ನಾಳೆಯಿಂದ ಅವರ ಸೇವೆ ಬೇಕಿಲ್ಲ, ವಿಷಯ ತಿಳಿಸಿ ಕೆಳಗಿನ ಗುಂಡಿ ಒತ್ತಬೇಕು.

ಮೇಲ್ವಿಚಾರಕಿ ಗಾಜಿನಾಚೆ ನೋಡಿದಳು. ಬಿಸಿ ಕಡೆ, ಆವಿ ಉಗುಳುವ ಇಸ್ತ್ರಿ ಉರುಳೆಗಳ ಮುಂದೆ, ದೊಡ್ಡಮ್ಮ ಒದ್ದೆ ಬೆಡ್‌ಶೀಟು ಝಾಡಿಸಿ ಯಂತ್ರದ ಬಾಯಿಗೆ ಕೊಡುತ್ತಿದ್ದಳು. ತಲೆ ನರೆತಿದ್ದರೂ ಅವಳ ಕೈ ಒಂದು ಗಳಿಗೆ ಸುಮ್ಮನಿರಲಿಲ್ಲ. ತಂಪು ಕಡೆ, ಮಡಿಸುವ ಮೇಜಿನ ಹತ್ತಿರ, ಗುಬ್ಬಿ ಸ್ಟೂಲಿನ ಮೇಲೆ ಕೂತು ದಿಂಬಿನ ಗವುಸು ಮಡಿಸುತ್ತಿದ್ದಳು. ಪುಟ್ಟ ಮೈಯ ಹುಡುಗಿ, ಆ ಮೈ ಹೊರಲಾರದಷ್ಟು ದೊಡ್ಡ ಬಸುರಿನ ಹೊಟ್ಟೆ. ಅವಳ ಎದೆಯ ಮೇಲಿದ್ದದ್ದು ದೊಡ್ಡಮ್ಮನ ಬ್ಯಾಡ್ಜು. ದೊಡ್ಡಮ್ಮನ ಎದೆಯ ಮೇಲಿದ್ದದ್ದು ಗುಬ್ಬಿಯದು.

ಆ ಲಾಂಡ್ರಿಯಲ್ಲಿ ಯಾರೂ ಎಲ್ಲೂ ಬರೆದಿಡದ ಒಂದು ಪದ್ಧತಿಯಿತ್ತು. ಬಸುರಿಯಾದವಳು, ಜ್ವರ ಬಂದು ಎದ್ದವಳು, ಹಿಂದಿನ ರಾತ್ರಿ ಮನೆಯಲ್ಲಿ ಅತ್ತು ಬಂದವಳು ತಂಪು ಕಡೆಗೆ. ಗಟ್ಟಿಯಿದ್ದವಳು ಬಿಸಿ ಕಡೆಗೆ. ಮೇಲ್ವಿಚಾರಕಿ ತಾನೇ ಹಿಂದೆ ಉರುಳೆಯ ಮುಂದೆ ವಾಕರಿಸಿದ್ದಾಗ ದೊಡ್ಡಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಏನೂ ಕೇಳದೆ ತಾನು ನಿಂತಿದ್ದಳು. ಆಗ ಒಬ್ಬ ಮ್ಯಾನೇಜರ್ ಇದ್ದ. ಮಹಾ ಸಿಡುಕ. ಆದರೆ ಬಸುರಿಯನ್ನು ಕಂಡರೆ ಬಸುರಿ ಎಂದು ಗೊತ್ತಾಗುವಷ್ಟು ಕಣ್ಣು ಅವನಿಗಿತ್ತು.

ಈಗ ಲಾಂಡ್ರಿಯನ್ನು ಒಂದು ಕಂಪನಿಗೆ ವಹಿಸಿದ್ದಾರೆ. ಮ್ಯಾನೇಜರ್ ಮನೆಗೆ ಹೋದ, ಅವನ ಜಾಗಕ್ಕೆ ಟ್ಯಾಬು ಬಂತು. ಬ್ಯಾಡ್ಜು ತೋರಿಸದೆ ಯಂತ್ರ ತಿರುಗುವುದಿಲ್ಲ, ಮಡಿಸುವ ಮೇಜಿನ ತಕ್ಕಡಿ ತೂಗುವುದಿಲ್ಲ. ಯಾರ ಕೈಯಿಂದ ಎಷ್ಟು ಬಟ್ಟೆ ಹೋಯಿತೆಂಬ ಲೆಕ್ಕವೆಲ್ಲ ಕ್ಲೌಡಿಗೆ ಏರಿ, ಅಲ್ಲಿ ಕಂಡುಕೇಳದ ಊರುಗಳ ಲಾಂಡ್ರಿಗಳ ಜೊತೆ ತೂಗಿ ನೋಡಿ, ಯಾರು ಚುರುಕು ಯಾರು ದಂಡ ಎಂಬ ತೀರ್ಪಾಗಿ ಇಳಿದು ಬರುತ್ತದೆ. ಗುಬ್ಬಿಯನ್ನು ತಂಪು ಕಡೆಗೆ ಹಾಕಿ ಎಂದು ಮೇಲ್ವಿಚಾರಕಿ ಕೇಳಿದ್ದಳು. ಅಲ್ಲಿ ಜಾಗ ಖಾಲಿಯಿಲ್ಲ, ಮುಂದಿನ ಪರಿಶೀಲನೆಯವರೆಗೆ ಕಾಯಿರಿ ಎಂದು ಉತ್ತರ ಬಂತು. ಕಾಯಲು ಹೊಟ್ಟೆಯಲ್ಲಿರುವ ಕೂಸಿಗೆ ಹೇಳುವವರು ಯಾರು? ಟ್ಯಾಬು ತಂಪು ಕಡೆಗೆ ಹಾಕಿದ್ದ ದೊಡ್ಡಮ್ಮ ತನ್ನ ಬ್ಯಾಡ್ಜು ಬಿಚ್ಚಿ ಗುಬ್ಬಿಗೆ ಸಿಕ್ಕಿಸಿ, ಅವಳದನ್ನು ತಾನು ಸಿಕ್ಕಿಸಿಕೊಂಡು ಬಿಸಿ ಕಡೆಗೆ ನಡೆದಳು. ಮೇಲ್ವಿಚಾರಕಿ ಅದನ್ನು ನೋಡಿಯೂ ನೋಡದವಳಂತೆ ಇದ್ದುಬಿಟ್ಟಳು.

ದೊಡ್ಡಮ್ಮ ದುಡಿದದ್ದೆಲ್ಲ ಗುಬ್ಬಿಯ ಹೆಸರಿಗೆ, ಗುಬ್ಬಿ ದಣಿದದ್ದೆಲ್ಲ ದೊಡ್ಡಮ್ಮನ ಹೆಸರಿಗೆ ಹೋಗುತ್ತದೆಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೆಲಸ ನಡೆದರಾಯಿತು ಎಂದೇ ಅವರು ಬದುಕಿದ್ದವರು.

ಮೇಲ್ವಿಚಾರಕಿ ಸಹಾಯವಾಣಿಗೆ ಫೋನು ಹಚ್ಚಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗನ ದನಿ ಬಂತು, ಬೆಣ್ಣೆಯಂಥ ದನಿ.

"ದೊಡ್ಡಮ್ಮ ನಿಧಾನ ಅಲ್ಲಪ್ಪ," ಎಂದಳು ಮೇಲ್ವಿಚಾರಕಿ. "ನಮ್ಮಲ್ಲಿ ಅವರಷ್ಟು ಕೆಲಸ ಮಾಡೋರೇ ಇಲ್ಲ. ದಿನಾ ನನ್ನ ಕಣ್ಣಾರೆ ನೋಡ್ತೀನಿ."

"ನೀವು ನೋಡಿದ್ದಕ್ಕೆ ಡೇಟಾ ಇದೆಯಾ ಮೇಡಂ?"

"ನಾನೇ ನೋಡ್ತಿದೀನಿ ಅಂದ್ನಲ್ಲ! ಈಗ್ಲೂ ಇಲ್ಲೇ ನನ್ನೆದುರಿಗೇ ಇದಾರೆ."

"ಅರ್ಥ ಆಗತ್ತೆ ಮೇಡಂ. ಆದ್ರೆ ಸಿಸ್ಟಮ್ ತೀರ್ಮಾನ ಮಾಡಿಬಿಟ್ಟಿದೆ. ಅದನ್ನ ಇಲ್ಲಿ ಯಾರೂ ಬದಲಾಯಿಸೋಕಾಗಲ್ಲ."

"ಹಾಗಾದ್ರೆ ಮಾಡಿದೋರು ಯಾರಪ್ಪ? ಬೈಯೋಕಾದ್ರೂ ಒಂದು ಮುಖ ತೋರಿಸು!"

"ಬೇರೆ ಏನಾದ್ರೂ ಸಹಾಯ ಬೇಕಾ ಮೇಡಂ?"

ಅವಳ ಮೈ ಉರಿದುಹೋಯಿತು. ಹುಡುಗನ ಮೇಲಲ್ಲ, ಪಾಪ, ಅವನ ನೆತ್ತಿಯ ಮೇಲೂ ಇಂಥದೇ ಒಂದು ಎಣಿಕೆ ಓಡುತ್ತಿರಬೇಕು. ಕೋಪ ಹೋಗಿ ತಗಲಲು ಎಲ್ಲೂ ಒಂದು ಗೋಡೆಯೇ ಇಲ್ಲವಲ್ಲ ಎಂಬುದಕ್ಕೆ ಉರಿಯಿತು.

ಊಟದ ಬಿಡುವಿನಲ್ಲಿ ಇಬ್ಬರನ್ನೂ ಕರೆದು ಹೇಳಿದಳು. ದೊಡ್ಡಮ್ಮ ಮೊದಲು ನಕ್ಕೇಬಿಟ್ಟಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ್ರೆ ಇದೇ ನೋಡು. ನನಗೆ ನಿಧಾನ ಅಂತಾ?" ಎಂದವಳು ನಗುತ್ತಲೇ ಕೂತುಬಿಟ್ಟಳು. ಅವಳ ಗಂಡ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಮನೆಗೆ ಬರುತ್ತಿದ್ದದ್ದು ಈ ಸಂಬಳವೊಂದೇ. ಈ ವಯಸ್ಸಿನಲ್ಲಿ ಇನ್ಯಾರೂ ಕೆಲಸ ಕೊಡುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

"ನಾನು ಹೇಳಿಬಿಡ್ತೀನಕ್ಕ," ಎಂದಳು ಗುಬ್ಬಿ. "ಬ್ಯಾಡ್ಜು ಬದಲಾಯಿಸಿದ್ವಿ ಅಂತ ಹೇಳಿಬಿಡ್ತೀನಿ."

"ಬಾಯ್ಮುಚ್ಚು," ಎಂದಳು ದೊಡ್ಡಮ್ಮ. "ಹೇಳಿದ್ರೆ ಮೋಸ ಅಂತ ನಿನ್ನನ್ನೂ ಕಳಿಸ್ತಾರೆ. ಒಬ್ಬಳಾದ್ರೂ ಉಳೀಲಿ. ಹೆರಿಗೆ ಖರ್ಚು ನಿಮ್ಮಪ್ಪ ಕೊಡ್ತಾನಾ?"

"ಸೋಮವಾರದಿಂದ ಇವಳು ಆ ದೊಡ್ಡ ಉರುಳೆ ಮುಂದೆ ನಿಲ್ಬೇಕು ದೊಡ್ಡಮ್ಮ," ಎಂದಳು ಮೇಲ್ವಿಚಾರಕಿ. "ನೀವು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಇವಳಿಗೆ ಬಂದ ಬಹುಮಾನ ಅದು."

ಗುಬ್ಬಿ ತುತ್ತು ಬಾಯಿಗಿಡದೆ ಡಬ್ಬಿಯ ಮುಚ್ಚಳ ಹಾಕಿದಳು.

ಮೇಲ್ವಿಚಾರಕಿ ತನ್ನ ಕೋಣೆಗೆ ಬಂದು, ಕೆಳಗಿನ ಗುಂಡಿ ಒತ್ತದೆ, ಆಕ್ಷೇಪ ಬರೆಯುವ ಜಾಗ ಹುಡುಕಿ ತೆರೆದಳು. ಬೇಕೆಂದೇ ಹುದುಗಿಸಿಟ್ಟಂತೆ ಅದು ಒಂದು ಮೂಲೆಯಲ್ಲಿತ್ತು. 'ಇಬ್ಬರೂ ಬ್ಯಾಡ್ಜು ಬದಲಾಯಿಸಿಕೊಂಡದ್ದು ನನ್ನ ಆಜ್ಞೆಯಿಂದ. ಅವರ ತಪ್ಪಿಲ್ಲ. ಬಸುರಿಯನ್ನು ಬೆಂಕಿಯ ಮುಂದೆ ನಿಲ್ಲಿಸುವುದು ನನ್ನಿಂದಾಗಲಿಲ್ಲ' ಎಂದು ಬರೆದಳು. ಆಜ್ಞೆ ಎಂಬುದು ಸುಳ್ಳು. ಉಳಿದದ್ದು ನಿಜ. ಕಳಿಸಿದ ತಕ್ಷಣ ಉತ್ತರ ಬಂತು: ನಿಮ್ಮ ಅನಿಸಿಕೆಗೆ ಧನ್ಯವಾದಗಳು, ಈ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?

ಮರುದಿನ ಬೆಳಿಗ್ಗೆ ದೊಡ್ಡಮ್ಮ ಎಂದಿನಂತೆ ಬಂದಳು. ಬರಬೇಡಿ ಎಂದು ಹೇಳಲು ಮೇಲ್ವಿಚಾರಕಿಗೆ ಬಾಯಿ ಬಂದಿರಲಿಲ್ಲ, ದೊಡ್ಡಮ್ಮನಿಗೂ ಮನೆಯಲ್ಲಿ ಕೂರಲು ಮನಸ್ಸಾಗಿರಲಿಲ್ಲ. ದೊಡ್ಡಮ್ಮ ತನ್ನದೇ ಬ್ಯಾಡ್ಜು ಹಿಡಿದರೆ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. "ತಡೀರಿ, ನಾನು ತೆಗೀತೀನಿ," ಎಂದು ಮೇಲ್ವಿಚಾರಕಿ ತನ್ನದನ್ನು ಹಿಡಿದಳು. ಅದಕ್ಕೂ ಕೆಂಪು. ಒರೆಸಿ ಇನ್ನೊಮ್ಮೆ ಹಿಡಿದಳು. ಕೆಂಪು.

"ನಿಂದೂನಾ?" ಎಂದಳು ದೊಡ್ಡಮ್ಮ. "ಅಯ್ಯೋ, ಏನು ಮಾಡ್ಕೊಂಡ್ಯೇ ಹುಡುಗಿ?"

ಮೇಲ್ವಿಚಾರಕಿ ಬಾಗಿಲನ್ನು ಮುಷ್ಟಿಯಿಂದ ಗುದ್ದಿದಳು. ಅಷ್ಟು ವರ್ಷ ದುಡಿದ ಜಾಗದ ಬಾಗಿಲು ಒಂದಿಷ್ಟೂ ಅಲುಗಲಿಲ್ಲ. ಇಬ್ಬರೂ ಪಕ್ಕದ ಕಿಟಕಿಯ ಗಾಜಿಗೆ ಬಂದು ನಿಂತರು.

ಒಳಗೆ ಗುಬ್ಬಿ ಒಬ್ಬಳೇ ಬಿಸಿ ಕಡೆಗೆ ನಡೆಯುತ್ತಿದ್ದಳು. ಅವಳ ಎದೆಯ ಮೇಲೆ ಈಗ ಅವಳದೇ ಬ್ಯಾಡ್ಜು. ಒಂದು ಕೈಯನ್ನು ಹೊಟ್ಟೆಯ ಕೆಳಗೆ ಆನಿಸಿಕೊಂಡು, ಉರುಳೆಯ ಮುಂದೆ ಬಂದು, ಒದ್ದೆ ಬೆಡ್‌ಶೀಟುಗಳ ರಾಶಿ ನೋಡುತ್ತ ನಿಂತಳು. ಮಡಿಸುವ ಮೇಜಿನಿಂದ ಒಬ್ಬಳು ಎದ್ದು ಬಂದಳು. ಈಚೆಗಷ್ಟೇ ಸೇರಿದವಳು, ಯಾರ ಜೊತೆಗೂ ಅಷ್ಟಾಗಿ ಬೆರೆಯದವಳು. ಅವಳು ಗುಬ್ಬಿಯ ಎದೆಯ ಬ್ಯಾಡ್ಜು ಬಿಚ್ಚಿ ತನಗೆ ಸಿಕ್ಕಿಸಿಕೊಂಡಳು. ತನ್ನದನ್ನು ಗುಬ್ಬಿಗೆ ಸಿಕ್ಕಿಸಿ, ತೋಳು ಹಿಡಿದು ಸ್ಟೂಲಿನ ಕಡೆಗೆ ತಿರುಗಿಸಿದಳು.

ಉರುಳೆ ತಿರುಗತೊಡಗಿತು. ಹೊಸಬಳು ಬೆಡ್‌ಶೀಟನ್ನು ಮುದ್ದೆಯಾಗಿಯೇ ಅದರ ಬಾಯಿಗೆ ಕೊಡಲು ಹೋದಳು.

"ಅಂಚು ಎಳೀ ಅಂಚು," ಎಂದಳು ಗಾಜಿನ ಈಚೆಯಿಂದ ದೊಡ್ಡಮ್ಮ. ಒಳಗೆ ಕೇಳಿಸುವಂತಿರಲಿಲ್ಲ. ಅವಳು ಗಾಜನ್ನು ಬೆರಳಿನಿಂದ ತಟ್ಟಿ, ಹೊಸಬಳು ತಿರುಗಿ ನೋಡುತ್ತಲೇ, ಎರಡೂ ಕೈ ಎತ್ತಿ ಇಲ್ಲದ ಬಟ್ಟೆಯ ತುದಿಗಳನ್ನು ಹಿಡಿದು, ನಿಧಾನವಾಗಿ, ಚೆನ್ನಾಗಿ ಕಾಣುವಂತೆ, ಅಗಲಕ್ಕೆ ಎಳೆದು ತೋರಿಸಿದಳು.