ಎಂಬೆಸಿಯಿಂದ ಫೋನು

ಕಾಪುವಿನ ಯೋಗೀಶನಿಗೆ ದೇವರು ಕೊಟ್ಟದ್ದು ಒಂದೇ ಗಂಟಲು. ಅದನ್ನು ಅವನು ಇಪ್ಪತ್ತು ಜನರಿಗೆ ಬಾಡಿಗೆಗೆ ಬಿಟ್ಟಿದ್ದ. ಸಿಟಿಬಸ್ಸಿನ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಬಂದರಿನಲ್ಲಿ ಮೀನು ಏಲಂ ಕೂಗುವವರು, ಯಾರು ಬೇಕಾದರೂ ಅದರೊಳಗೆ ಬಂದು ಕೂರುತ್ತಿದ್ದರು. 1999ರಲ್ಲಿ, ಬಿ.ಎ. ಮುಗಿಸಿ ಕೆಲಸ ಹುಡುಕುವ ನೆಪದಲ್ಲಿ, ಅವನು ವಾರಕ್ಕೆರಡು ಸಲ ಉದ್ಯಾವರದ ಸರಸ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದ. ನಿಜವಾದ ಕಾರಣ ಎರಡು: ದೊಡ್ಡಮ್ಮನ ಬಂಗುಡೆ ಸಾರು ಮತ್ತು ಮಹಡಿಯ ಮೌರಿಸ್.

ಹೆಸರು ಕೇಳಿ ಶಿರ್ವದ ಕಡೆಯ ಕ್ರಿಶ್ಚಿಯನ್ ಹುಡುಗನಿರಬೇಕೆಂದು ಸರಸ ಕೋಣೆ ಒಪ್ಪಿಕೊಂಡಿದ್ದಳು. ಬಂದವನು ಆಫ್ರಿಕಾದ ಒಂದು ಪುಟ್ಟ ದೇಶದವನು, ಮಣಿಪಾಲದಲ್ಲಿ ಫಾರ್ಮಸಿ ಓದುವವನು, ಅವಳ ಬಾಗಿಲಿಗೆ ತಲೆ ತಗ್ಗಿಸಿ ಒಳಬರಬೇಕಾದಷ್ಟು ಎತ್ತರದವನು. ಮೂರು ವರ್ಷದಲ್ಲಿ ಅವಳಿಂದಲೇ ಕನ್ನಡ ಕಲಿತು, ಅವಳದೇ ರಾಗದಲ್ಲಿ "ಎಂತ ಮಾರಾಯ" ಎನ್ನುತ್ತಿದ್ದ.

ಮಾರ್ಚಿನಿಂದ ಅವನು ಬೇರೆಯೇ ಮನುಷ್ಯನಾಗಿದ್ದ. ಸಂಜೆಯಾದರೆ ರೇಡಿಯೋ ಕಿವಿಗೆ, ನೀಲಿ ಪುಸ್ತಕ ತೊಡೆಗೆ. ಯೋಗೀಶನ ಹೆಜ್ಜೆ ಕೇಳಿದರೆ ಪುಸ್ತಕ ದಿಂಬಿನಡಿ.

"ಎಂತ ಬರೆಯುವುದು ನೀನು? ಲವ್ ಲೆಟರಾ?"

"ಔಷಧಿಯ ಹೆಸರು," ಎಂದ ಮೌರಿಸ್.

ಬಾಗಿಲಿನಿಂದಲೇ ತಲೆಕೆಳಗಾಗಿ ಓದುವುದರಲ್ಲಿ ಯೋಗೀಶ ಪಳಗಿದವನು. ಅಲ್ಲಿದ್ದದ್ದು ಮನುಷ್ಯರ ಹೆಸರುಗಳು. ಅಂದಿನಿಂದ ಅವನಿಗೆ ತುರಿಕೆ ಶುರುವಾಯಿತು. ಯಾರಿವರು? ಏಕೆ ಅಡಗಿಸುತ್ತಾನೆ? ಸ್ವಲ್ಪ ಕೆಣಕಿದರೆ ಬಾಯಿ ಬಿಟ್ಟಾನು ಎಂದುಕೊಂಡು, ಒಂದು ಭಾನುವಾರ ಕಾಪುವಿನ ಎಸ್‌ಟಿಡಿ ಬೂತಿನಿಂದ ದೊಡ್ಡಮ್ಮನ ಮನೆಗೆ ಫೋನು ಹಚ್ಚಿದ. ಇಸ್ತ್ರಿ ಹಾಕಿದ ಕನ್ನಡದಲ್ಲಿ, ಮೂಗಿನಿಂದ, "ನಾವು ದೆಹಲಿಯ ಎಂಬೆಸಿಯಿಂದ ಮಾತನಾಡುತ್ತಿದ್ದೇವೆ. ಮೌರಿಸ್ ಎಂಬವರನ್ನು ಕರೆಯಿರಿ" ಎಂದ. ಮೌರಿಸ್ ಬಂದು ಕೇಳಿಸಿಕೊಂಡ. ಫೋನು ಇಟ್ಟುಬಿಟ್ಟ.

ನಗುತ್ತಾ ಬಸ್ಸಿಳಿದು ಬಂದ ಯೋಗೀಶನಿಗೆ ಗೇಟಿನಲ್ಲೇ ಸಿಕ್ಕಿದ್ದು ಬೆನ್ನಿಗೆ ಚೀಲ ಹಾಕಿಕೊಂಡ ಮೌರಿಸ್. ಅವನ ಚೀಲದ ಪಟ್ಟಿ ಹಿಡಿದು ನಿಂತ ದೊಡ್ಡಮ್ಮ.

"ಅದು ನಾನು," ಎಂದ ಯೋಗೀಶ, ಅದೇ ಮೂಗಿನ ದನಿಯಲ್ಲಿ.

ಯಾರೂ ನಗಲಿಲ್ಲ. ಮೌರಿಸ್ ಮೆಟ್ಟಿಲ ಮೇಲೆ ಕುಕ್ಕರಿಸಿದ. ಚೀಲದಿಂದ ನೀಲಿ ಪುಸ್ತಕವನ್ನು ತಾನೇ ತೆಗೆದು ಕೊಟ್ಟ. ನಲವತ್ತೊಂದು ಹೆಸರುಗಳು. ಮೊದಲನೆಯದು ಅವನ ಅಪ್ಪನದು.

"ಅಪ್ಪ ಸೈನ್ಯದ ಬ್ಯಾಂಡಿನಲ್ಲಿ ತುತ್ತೂರಿ ಊದುವವರು. ಕೆಲವು ಆಫೀಸರುಗಳು ಸರ್ಕಾರ ಬೀಳಿಸಲು ಮಾರ್ಚಿನಲ್ಲಿ ಒಂದು ಬೆಳಿಗ್ಗೆ ರೇಡಿಯೋ ಸ್ಟೇಷನ್ ಹಿಡಿದರು. ಘೋಷಣೆಗಳ ನಡುವೆ ನುಡಿಸಲಿಕ್ಕೆ ಬ್ಯಾಂಡು ಬೇಕೆಂದರು. ಆರ್ಡರ್ ಬಂದರೆ ಊದಬೇಕಲ್ವಾ? ಮಧ್ಯಾಹ್ನ ಊಟದ ಹೊತ್ತಿಗೆ ದಂಗೆ ಮುಗಿಯಿತು. ಊದಿದವರನ್ನೆಲ್ಲ ಹಿಡಿದರು. ಆಮೇಲೆ ಅಡುಗೆಯವರು, ಡ್ರೈವರುಗಳು, ಅವರ ಅಣ್ಣತಮ್ಮಂದಿರು. ಡೋಲಿನವನೊಬ್ಬನನ್ನು ಬಿಟ್ಟಿದ್ದಾರೆ. ಅವನಿಗೆ ಈಗ ಬೆರಳು ಮಡಚಲು ಬರುವುದಿಲ್ಲ."

"ಅಪ್ಪ ಎಲ್ಲಿದ್ದಾರೆ?"

"ಅಮ್ಮ ದಿನಾ ಬ್ಯಾರಕ್ಕಿನ ಗೇಟಿಗೆ ಹೋಗಿ ಕೇಳುತ್ತಾರೆ. ಅಲ್ಲಿಯವರು ಪಟ್ಟಿ ಸಹ ತೆರೆಯುವುದಿಲ್ಲ. 'ಅಂಥ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ' ಎನ್ನುತ್ತಾರೆ. ಅದಕ್ಕೇ ಹೆಸರು ಬರೆದು ಮಾನವ ಹಕ್ಕಿನವರಿಗೆ ಕಳುಹಿಸುವುದು. ಈಗ ಎಂಬೆಸಿಯವರು ಹಿಡಿದವರ ಮಕ್ಕಳನ್ನೂ ಹುಡುಕುತ್ತಿದ್ದಾರೆ. ಪುಣೆಯಲ್ಲಿದ್ದ ನನ್ನ ಫ್ರೆಂಡನ್ನು ಹೀಗೆಯೇ ಅಲ್ಲಿಯ ಭಾಷೆ ಬಲ್ಲವರಿಂದ ಫೋನು ಮಾಡಿಸಿ ಪತ್ತೆ ಮಾಡಿ, ಪಾಸ್‌ಪೋರ್ಟ್ ಕಿತ್ತುಕೊಂಡು ವಿಮಾನ ಹತ್ತಿಸಿದರು. ಆಮೇಲೆ ಅವನನ್ನು ಕಂಡವರಿಲ್ಲ."

ಸರಸ ಚೀಲವನ್ನು ಮಹಡಿಗೆ ಹೊತ್ತು ಹಾಕಿ, ಕೆಳಗೆ ಬಂದು ಯೋಗೀಶನ ಕಿವಿ ಹಿಂಡಿದಳು.

"ಇನ್ನು ಯಾವ ಎಂಬೆಸಿ ಫೋನು ಮಾಡಿದರೂ ಅದು ನೀನೇ ಎಂದು ತಿಳಿಯುತ್ತೇನೆ. ಬೈಗುಳ ಗ್ಯಾರಂಟಿ."

ತಿಂಗಳು ಕಳೆಯಿತು. ಯೋಗೀಶ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದಾಗ ಒಳಗೆ ಫೋನು ಬಡಿದುಕೊಂಡಿತು.

"ಎಂಬೆಸಿಯಾ? ಬಂತು ನೋಡು ಪುನಃ," ದೊಡ್ಡಮ್ಮನ ದನಿ ಅಂಗಳಕ್ಕೆ ಕೇಳುತ್ತಿತ್ತು. "ನಾಚಿಕೆ ಉಂಟಾ ನಿನಗೆ? ಅಮ್ಮನಿಗೆ ಕೊಡು ಎಂದು ಸಾರು ಕಳುಹಿಸಿದ ಮಣ್ಣಿನ ಬಿಸಲೆ ಎಲ್ಲಿ? ಎರಡು ವಾರದಿಂದ ಅಲ್ಯುಮಿನಿಯಮ್ಮಿನಲ್ಲಿ ಮೀನು ಬೇಯಿಸುತ್ತಿದ್ದೇನೆ ನಾನು. ಎಂತದ್ದು, ಸೆಕ್ರೆಟರಿಯಾ? ಮೊದಲು ಬಿಸಲೆ ತಾ, ಆಮೇಲೆ ಸೆಕ್ರೆಟರಿಯಾಗು."

ಯೋಗೀಶ ಒದ್ದೆ ಕಾಲಿನಲ್ಲೇ ಬಾಗಿಲಿಗೆ ಬಂದ. ಸರಸ ಅವನನ್ನು ನೋಡಿದಳು. ಕೈಯಲ್ಲಿದ್ದ ರಿಸೀವರನ್ನು ನೋಡಿದಳು. ಮುಖದ ಬಣ್ಣ ಇಳಿಯಿತು; ಬೈಗುಳದ ರಾಗ ಮಾತ್ರ ಇಳಿಯಲಿಲ್ಲ. "ಇಡು ಫೋನು," ಎಂದು ಮುಗಿಸಿ, ರಿಸೀವರು ಕುಕ್ಕಿ, ಗೋಡೆಗೆ ಒರಗಿದಳು. ಮೌರಿಸ್ ಮಹಡಿ ಮೆಟ್ಟಿಲಲ್ಲಿ ನಿಂತಿದ್ದ, ಪುಸ್ತಕ ಎದೆಗೊತ್ತಿಕೊಂಡು.

ಫೋನು ಮತ್ತೆ ಹೊಡೆಯಿತು. ದೊಡ್ಡಮ್ಮ ಪಕ್ಕಕ್ಕೆ ಸರಿದಳು. ಯೋಗೀಶ ಎತ್ತಿಕೊಂಡ. ಅತ್ತ ಕಡೆಯದು ಇಸ್ತ್ರಿ ಹಾಕಿದ ಕನ್ನಡವೇ, ಮೂಗಿನಿಂದಲೇ. ತಾನು ಎಷ್ಟು ಸರಿಯಾಗಿ ಮಿಮಿಕ್ರಿ ಮಾಡಿದ್ದೆ ಎಂದು ಅವನಿಗೇ ಅಚ್ಚರಿಯಾಯಿತು. ಗಂಟಲು ಸರಿಮಾಡಿ, ಆವರೆಗೆ ಯಾರಿಗೂ ತೋರಿಸುವ ಧೈರ್ಯವಾಗದ ದನಿಯೊಂದನ್ನು ಹೊರತೆಗೆದ: ಸರಸ ದೊಡ್ಡಮ್ಮನದು.

"ಓ, ನಿಜವಾದ ಎಂಬೆಸಿಯಾ? ಬೇಸರ ಮಾಡಬೇಡಿ, ನಮ್ಮ ಹುಡುಗನೆಂದು ಬೈದೆ. ಒಳ್ಳೆಯದಾಯಿತು, ಒಂದು ಕಂಪ್ಲೇಂಟ್ ಬರೆದುಕೊಳ್ಳಿ. ನನ್ನ ಬಿಸಲೆ ಕಾಣೆಯಾಗಿದೆ. ಮಣ್ಣಿನದ್ದು, ಕಪ್ಪು, ಬಾಯಿ ಒಂದು ಕಡೆ ಸ್ವಲ್ಪ ಒಡೆದಿದೆ. ನಿಮ್ಮ ಸರ್ಕಾರ ಹುಡುಕಿ ಕೊಡುತ್ತದಾ? ಯಾರು? ಮೌರಿಸಾ?" ಅವನು ಮೆಟ್ಟಿಲ ಕಡೆ ನೋಡಿದ. "ಅಂಥ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ."

ಸರಸ ಬಾಯಿಗೆ ಸೆರಗು ತುರುಕಿಕೊಂಡಳು. ಆದರೆ ಮೆಟ್ಟಿಲ ಮೇಲಿನಿಂದ ಎದ್ದ ನಗುವಿಗೆ ಯಾವ ಸೆರಗೂ ಸಾಲುವಂತಿರಲಿಲ್ಲ. ಅದು ಮಾರ್ಚಿನಿಂದ ಒಳಗೇ ಉಳಿದಿದ್ದ ನಗು; ಮೌರಿಸ್ ಕಂಬ ತಬ್ಬಿಕೊಂಡು, ಕಣ್ಣಲ್ಲಿ ನೀರು ಹರಿಸುತ್ತಾ ನಗುತ್ತಿದ್ದ. ದೆಹಲಿಗೆ ಕೇಳದಿರಲೆಂದು ಯೋಗೀಶ ರಿಸೀವರನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದ.