ಮಂದಿಗೆ ಕೊಡುವ ಜಾಕ್

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜಮಖಂಡಿ–ಮುಧೋಳ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು ಮುಗಿಯುವುದಿಲ್ಲ. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಒಂದೊಂದರಲ್ಲೂ ಹೊರಲಾರದಷ್ಟು ಕಬ್ಬು. ದಾರಿಯಲ್ಲಿ ಟೈರು ಒಡೆಯುತ್ತದೆ, ಬೇರಿಂಗ್ ಸುಡುತ್ತದೆ. ಆಗ ಡ್ರೈವರುಗಳು ಹತ್ತಿರದ ಗ್ಯಾರೇಜಿಗೆ ಓಡಿಬಂದು ಕೇಳುವ ಮೊದಲ ಮಾತು ಒಂದೇ: "ಜಾಕ್ ಕೊಡ್ರಿ."

ಇಲ್ಲ ಎನ್ನುವಂತಿಲ್ಲ. ಇವತ್ತು ಜಾಕ್ ಕೊಡದವನ ಗ್ಯಾರೇಜಿಗೆ ನಾಳೆ ಯಾರೂ ಗಾಡಿ ತರುವುದಿಲ್ಲ. ಕೊಟ್ಟ ಜಾಕ್ ಮಣ್ಣು ಮೆತ್ತಿಕೊಂಡು, ಹಿಡಿಕೆ ಕಳೆದುಕೊಂಡು, ಕೆಲವೊಮ್ಮೆ ಬೇರೊಂದೇ ಜಾಕ್ ಆಗಿ ವಾಪಸ್ ಬರುತ್ತದೆ. ಹೀಗಾಗಿ ಆ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿದ್ದ ಕಲ್ಮೇಶ ಒಂದು ಲೆಕ್ಕ ಹಾಕಿಕೊಂಡಿದ್ದ. ಮಂದಿ ಒಯ್ಯುವ ಸಾಮಾನು ಅಗ್ಗದ್ದಿರಬೇಕು. ಮಂದಿ ನೋಡುವ ಸಾಮಾನು ದುಬಾರಿಯದ್ದಾಗಿರಬೇಕು.

ಮಹಾನವಮಿಗೆ ಮುಂಚೆ ಅವನು ಬನಹಟ್ಟಿಯ ಪಾರ್ಶ್ವನಾಥರ ಹಾರ್ಡ್‌ವೇರ್ ಅಂಗಡಿಗೆ ಹೋದ. ಜೊತೆಗೆ ತಮ್ಮ ವೀರೇಶ ಇದ್ದ. ವೀರೇಶ ಅಣ್ಣನ ಗ್ಯಾರೇಜಿನಲ್ಲೇ ಕೆಲಸ ಕಲಿತವನು. ಎಂಜಿನ್ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಈ ಹಂಗಾಮು ಮುಗಿದ ಮೇಲೆ ಬೀಳಗಿಯಲ್ಲಿ ಸ್ವಂತ ಗ್ಯಾರೇಜ್ ಹಾಕುವವನಿದ್ದ. ಜಾಗವನ್ನೂ ನೋಡಿಟ್ಟಿದ್ದ.

ಅಂಗಡಿಯಲ್ಲಿ ಕಲ್ಮೇಶನ ಕಣ್ಣು ಮೊದಲು ಬಿದ್ದದ್ದು ಗಾಜಿನ ಕಪಾಟಿನಲ್ಲಿದ್ದ, ನಟ್ ಬಿಚ್ಚುವ ಸಾಕೆಟ್ ಸೆಟ್ಟಿನ ಮೇಲೆ. ದೊಡ್ಡ ಕಂಪನಿಯದು, ಥಳಥಳ ಹೊಳೆಯುತ್ತಿತ್ತು.

"ಇದನ್ನ ಕಟ್ರಿ ಸಾವಕಾರ್ರ. ಗ್ವಾಡಿಗೆ ತೂಗಹಾಕಿದ್ರ ಗಿರಾಕಿ ನೋಡಕೋತ ನಿಂದರಬೇಕು."

"ಜಾಕ್ ಬೇಕಂದಿದ್ರಿ?"

"ಅದು ಸಸ್ತಾದ್ದು ಇದ್ರ ಕೊಡ್ರಿ."

ಪಾರ್ಶ್ವನಾಥ ಕೈಯಲ್ಲಿದ್ದ ಸೆಟ್ಟನ್ನು ಕೆಳಗಿಟ್ಟರು. "ಉಲ್ಟಾ ಮಾಡಾಕತ್ತೀರಿ ಕಲ್ಮೇಶಣ್ಣ. ಈ ಸೆಟ್ಟಿನಾಗ ಅರ್ಧಾ ಸೈಜು ನಿಮಗ ವರ್ಷಕ್ಕೊಮ್ಮೆ ಬೇಕಾದ್ರ ದೊಡ್ಡ ಮಾತು. ಇದು ಸಾದಾದ್ದ ಸಾಕು. ಜಾಕ್ ಛಲೋದು ಒಯ್ರಿ, ಜೋಡಿಲೆ ಎತ್ತಿದ್ದನ್ನ ಹಿಡಿಯೂ ಸ್ಟ್ಯಾಂಡೂ ಒಯ್ರಿ."

"ಜಾಕ್ ನಾ ವಾಪರಸೂದ್ಕಿಂತ ಮಂದಿ ವಾಪರಸೂದ ಹೆಚ್ಚರಿ. ಅವರ ಸಲವಾಗಿ ನಾ ಯಾಕ ರೊಕ್ಕಾ ಸುರೀಲಿ?"

"ಮಂದಿ ಮಾತು ಬಿಡ್ರಿ. ನಿಮ್ಮ ತಮ್ಮ ಅದನ್ನ ಹಚ್ಚಿ ಗಾಡಿ ಬುಡಕ ಕೂಡತಾನಿಲ್ಲೋ?"

ಕಲ್ಮೇಶ ನಕ್ಕುಬಿಟ್ಟ. "ಸಸ್ತಾದ್ದು ಛಲೋ ಐತಿ ಅಂತ ಯಾವ ಅಂಗಡಿಯವ್ರು ಹೇಳ್ಯಾರ್ರಿ? ನಿಮ್ಮ ಧಂದೇನ ಅದು."

"ಸಸ್ತಾದ್ದು ಸಾಕು ಅಂತ ಈಗರೆ ಹೇಳಿದ್ನೆಲ್ಲಪಾ, ಈ ಸೆಟ್ಟಿಗೆ!"

"ಅಣ್ಣಾ, ಸ್ಟ್ಯಾಂಡ್ ಅಷ್ಟರೆ ತೊಗೊಳ್ಳೋಣು" ಎಂದ ವೀರೇಶ.

"ಹಿತ್ತಲದಾಗ ಫರಸಿ ಕಲ್ಲು ಏಸ ಬಿದ್ದಾವಲೇ? ಅವ ಸ್ಟ್ಯಾಂಡು. ನಡಿ."

ಹೊಳೆಯುವ ಸೆಟ್ಟು ಮಾತ್ರ ಕೊಂಡರು. ಜಾಕ್ ಸಿಕ್ಕಿದ್ದು ಲೋಕಾಪುರದಲ್ಲಿ, ರಸ್ತೆ ಬದಿಗೆ ವ್ಯಾನ್ ನಿಲ್ಲಿಸಿಕೊಂಡು ಮೈಕಿನಲ್ಲಿ ಕೂಗಿ ಸಾಮಾನು ಮಾರುವವನ ಹತ್ತಿರ. ಹೊಸ ಬಣ್ಣ, ಮೇಲೆ 'ಹತ್ತು ಟನ್' ಎಂಬ ಸ್ಟಿಕ್ಕರ್. ಯಾವ ಊರಲ್ಲಿ, ಯಾರು ಮಾಡಿದ್ದು ಎಂದು ಅದರ ಮೇಲೆ ಎಲ್ಲೂ ಇರಲಿಲ್ಲ. ಬಿಲ್ ಕೇಳಿದರೆ ಮಾರುವವ, "ಬಿಲ್ ಬೇಕಂದ್ರ ರೇಟ್ ಬ್ಯಾರೆ ಐತಿ" ಎಂದ. ಕಲ್ಮೇಶ ಮತ್ತೆ ಕೇಳಲಿಲ್ಲ.

ಮಹಾನವಮಿಯ ಖಂಡೆಪೂಜೆಯ ದಿನ ಸಾಕೆಟ್ ಸೆಟ್ಟಿಗೆ ವಿಭೂತಿ ಹಚ್ಚಿ, ಹೂವು ಏರಿಸಿ ಗೋಡೆಗೆ ತೂಗುಹಾಕಿದರು. ಅದನ್ನು ಕೆಳಗಿಳಿಸಲು ಕಲ್ಮೇಶ ಬಿಡುತ್ತಿರಲಿಲ್ಲ. ಜಾಕ್ ಬಾಗಿಲ ಹೊರಗೆ, ಕೇಳಿದವರ ಕೈಗೆ ಸಿಗುವಂತೆ ಕುಳಿತಿತ್ತು.

ಹಂಗಾಮು ಶುರುವಾಗಿ ಬಹಳ ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ಹಿಪ್ಪರಗಿ ಕಡೆಯ ಬಾಳೇಶ ಟ್ರ್ಯಾಕ್ಟರ್ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಹಿಂದಿನ ಟ್ರೇಲರಿನ ಗಾಲಿ ಹೊಗೆ ಬಿಡುತ್ತಿತ್ತು. ಬೇರಿಂಗ್ ಹೋಗಿತ್ತು.

"ಲಗೂನ ಮಾಡ್ರಿ. ಫ್ಯಾಕ್ಟ್ರಿಯಾಗ ನನ್ನ ಪಾಳಿ ನಂಬರ್ ಹೋಗತೈತಿ" ಎಂದು ಬಾಳೇಶ ಗಡಿಬಿಡಿ ಮಾಡಿದ.

"ಕಬ್ಬು ಸ್ವಲ್ಪ ಇಳಸೋಣು" ಎಂದ ವೀರೇಶ.

"ಇಳಸಿ ಮತ್ತ ಹೇರಾಕ ಆಳ ಯಾರ ಕೊಡತಾರ? ನಿಮ್ಮ ವೈನಿ ಬರತಾರೇನು?"

ಎಲ್ಲರೂ ನಕ್ಕರು. ತನ್ನ ಹೆಂಡತಿಯ ಮಾತಾದರೂ ಕಲ್ಮೇಶನೂ ನಕ್ಕ. ವೀರೇಶ ಜಾಕ್ ಎತ್ತಿಕೊಂಡು ಬಂದವನು ಅದರ ಬುಡವನ್ನು ಬೆರಳಿನಿಂದ ಒರೆಸಿ ನೋಡಿದ. ಬೆರಳು ಜಿಡ್ಡಾಯಿತು.

"ಅಣ್ಣಾ, ಇದು ಎಣ್ಣಿ ಬಿಡಾಕತ್ತೈತಿ."

"ಯಾವನರೆ ಒಯ್ದು ಎಣ್ಣ್ಯಾಗ ಇಟ್ಟಿರತಾನ. ಹೊಸಾದು ಐತಿ, ಏನಾಗೂದಿಲ್ಲ. ಹಚ್ಚು."

ವೀರೇಶ ಜಾಕ್ ಹಚ್ಚಿ ಗಾಲಿ ನೆಲ ಬಿಡುವಂತೆ ಎತ್ತಿದ. ಟ್ರೇಲರಿನ ಅಚ್ಚಿನ ಕೆಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ. ಆದರೂ ಅಚ್ಚಿಗೂ ಕಲ್ಲಿಗೂ ನಡುವೆ ಗೇಣು ಜಾಗ ಉಳಿಯಿತು. ಗಾಲಿ ಬಿಚ್ಚಿದ. ಒಂದು ನಟ್ ಉರುಳಿ ಕಲ್ಲಿನ ಮೇಲೆ ಬಿತ್ತು. ಅದನ್ನು ತೆಗೆಯಲು ಬಲಗೈ ಚಾಚಿದ.

ಜಾಕ್ ಮುರಿಯಲಿಲ್ಲ, ಸಿಡಿಯಲಿಲ್ಲ. ಸದ್ದೇ ಇಲ್ಲದೆ ಕುಸಿಯಿತು. ಅಚ್ಚು ಕಲ್ಲಿನ ಮೇಲೆ ಕುಳಿತಾಗ ನಡುವೆ ವೀರೇಶನ ಕೈ ಇತ್ತು.

ಮತ್ತೆ ಎತ್ತಲು ಹೋದರೆ ಆ ಜಾಕ್ ಮೇಲೇಳಲೇ ಇಲ್ಲ. ಕಲ್ಮೇಶ ಅದರ ಹಿಡಿಕೆ ಹೊಡೆದಷ್ಟೂ ಎಣ್ಣೆ ಹೊರಗೆ ಚೆಲ್ಲಿತು. ಬಾಳೇಶ ರಸ್ತೆಗೆ ಅಡ್ಡ ನಿಂತು ಒಂದು ಲಾರಿ ತಡೆದ. ಲಾರಿಯವನ ಜಾಕ್ ಹಚ್ಚಿ ಅಚ್ಚು ಎತ್ತಿ ಕೈ ಬಿಡಿಸುವ ಹೊತ್ತಿಗೆ ವೀರೇಶನಿಗೆ ಕೂಗುವ ಶಕ್ತಿಯೂ ಉಳಿದಿರಲಿಲ್ಲ.

ಜಮಖಂಡಿಯಲ್ಲಿ ಪಟ್ಟಿ ಕಟ್ಟಿ ಬಾಗಲಕೋಟೆಗೆ ಕಳಿಸಿದರು. ಅಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಉಳಿಸಿಕೊಟ್ಟರು. ನಡುವಿನ ಮೂರು ಹೋದವು.

ಕಲ್ಮೇಶ ಲೋಕಾಪುರಕ್ಕೆ ಹೋಗಿ ವ್ಯಾನಿನವನನ್ನು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೂ ಏನು ತೋರಿಸಿ ಕೇಳುವುದು? ಬಿಲ್ಲಿಲ್ಲ, ಹೆಸರಿಲ್ಲ. ವ್ಯಾನಿನ ನಂಬರನ್ನು ಯಾರೂ ನೋಡಿರಲಿಲ್ಲ. ಪಕ್ಕದ ಚಹಾದಂಗಡಿಯವ ಹೇಳಿದ್ದಿಷ್ಟು: "ಭಾಳ ಮಂದಿ ಒಯ್ದಾರ್ರಿ ಅವನ ಕಡೆ. ಸಸ್ತಾ ಕೊಡತಿದ್ದ."

ವೀರೇಶ ಮನೆಗೆ ಬಂದ ಮೇಲೆ ಪಾರ್ಶ್ವನಾಥ ನೋಡಲು ಬಂದರು. ಕಲ್ಮೇಶನ ಹೆಂಡತಿ ರಾಜಶ್ರೀ ಚಹಾ ತಂದಿಟ್ಟಳು. ಕಲ್ಮೇಶ ಸಿಡುಕಿದ.

"ನೀವು ಒಂದ ಸಲ ಜಬರಿಸಿ ಹೇಳಬೇಕಿತ್ತರಿ ಸಾವಕಾರ್ರ."

"ಹೇಳಿದ್ನೆಲ್ಲಪಾ. ಅಂಗಡಿಯವನ ಬಾಯಾಗಿಂದು ಬಂತಂತ ನೀವು ಕೇಳಲಿಲ್ಲ."

"ಆತು ಬಿಡ್ರಿ. ಇನ್ನ ಮ್ಯಾಲೆ ಸಸ್ತಾದ್ದು ಅನ್ನೂದು ನನ್ನ ಗ್ಯಾರೇಜಿನಾಗ ಕಾಲಿಡಬಾರ್ದು. ಸುತ್ತಿಗಿಯಿಂದ ಹಿಡದು ಬ್ರಷ್ ತನಕಾ ಎಲ್ಲಾ ಭಾರಿ ಕಂಪನೀದ ಕೊಡ್ರಿ."

ಗೋಡೆಗೆ ಒರಗಿ ಕುಳಿತಿದ್ದ ವೀರೇಶ ತಲೆ ಎತ್ತಿದ. "ನನ್ನ ಕೈಗೆ ಯಾವ ಕಂಪನೀದು ಹಾಕಸ್ತಾನ, ಅದನ್ನೂ ಕೇಳ್ರಿ ಅವಂಗ."

ಕಲ್ಮೇಶ ಚಹಾದ ಬಟ್ಟಲನ್ನು ಆಚೆ ಸರಿಸಿದ. ರಾಜಶ್ರೀ ಪಾರ್ಶ್ವನಾಥರನ್ನು ಕೇಳಿದಳು. "ಕಾಕಾ, ತುಟ್ಟಿದು ಅಂದ್ರ ಛಲೋದು ಅಂತ ತಿಳಕೋಬೇಕೇನ್ರಿ? ಆ ಸಾಕೆಟ್ ಸೆಟ್ಟೂ ತುಟ್ಟೀದನ ಇತ್ತು. ಅದು ಗ್ವಾಡಿ ಬಿಟ್ಟು ಇಳದ ಇಲ್ಲ."

"ಅದ ಮಾತು ತಂಗಿ" ಎಂದರು ಪಾರ್ಶ್ವನಾಥ. "ಎಲ್ಲಾ ತುಟ್ಟೀದು ತೊಗೊಳ್ಳೂದೂ ತಪ್ಪು. ಎಣ್ಣಿ ಹಾಕೂ ಲಾಳಕಿ, ನಟ್ ಇಡೂ ತಾಟು, ತೊಳಿಯೂ ಬ್ರಷ್, ವರ್ಷಕ್ಕೊಮ್ಮೆ ಬೇಕಾಗೂ ನಟ್ ಬಿಚ್ಚೂ ಪಾನಾ, ಇವು ಸಾದಾವು ಇದ್ರ ನಡೀತೈತಿ. ಕೆಟ್ರ ಮತ್ತೊಂದು ತರಬಹುದು. ಆದ್ರ ತೂಕಾ ಹೊರೂದು ಇರತೈತಿ, ಜೋರಲೆ ತಿರಗೂದು ಇರತೈತಿ, ಕರೆಂಟ್ ಹಾಯೂದು ಇರತೈತಿ. ಜಾಕ್, ಸ್ಟ್ಯಾಂಡ್, ಗ್ರೈಂಡರಿನ ಡಿಸ್ಕ್, ವೆಲ್ಡಿಂಗ್ ವಾಯರ್. ಇವು ಕೆಟ್ರ ಸಾಮಾನಷ್ಟ ಹೋಗೂದಿಲ್ಲ. ದಿನಾ ಕೈಯಾಗ ಇರೂ ಪಾನಾನೂ ಗಟ್ಟಿ ಇರಬೇಕು. ಜಾರಿದ್ರ ಮುಷ್ಟಿ ಒಡೀತೈತಿ."

"ಛಲೋದು ಯಾವದು ಅಂತ ಹೆಂಗ ಗುರ್ತ ಹಿಡಿಯೂದ್ರಿ?" ಎಂದಳು ರಾಜಶ್ರೀ.

"ಮಾಡಿದವನ ಹೆಸರು, ಊರು ಇರಬೇಕು. ಏಸು ತೂಕಾ ಹೊರತೈತಿ ಅನ್ನೂದು ಕಬ್ಬಿಣಕ್ಕ ಒತ್ತಿರಬೇಕು, ಬರೇ ಸ್ಟಿಕ್ಕರ್ ಅಲ್ಲ. ಅದರ ವಾಷರ್, ಸೀಲು ಪ್ಯಾಟ್ಯಾಗ ಸಿಗಬೇಕು. ಪಕ್ಕಾ ಬಿಲ್ ಬೇಕು. ಬಿಲ್ ಕೊಡಲಾರದವ ನಾನ ಇದ್ರೂ ನನ್ನ ಕಡೆ ತೊಗೋಬ್ಯಾಡ್ರಿ. ತಂದ ಮ್ಯಾಲೆ ಭಾರಾ ಎತ್ತಿ, ಯಾರನ್ನೂ ಹತ್ರ ಬಿಡದ, ಒಂದು ತಾಸು ಹಂಗ ಬಿಟ್ಟು ನೋಡ್ರಿ. ಕೂದಲೆಳಿಯಷ್ಟು ಇಳದ್ರೂ ವಾಪಸ್ ಒಯ್ರಿ."

"ಛಲೋ ಜಾಕ್ ಇದ್ದಿದ್ರ..." ಎಂದ ಕಲ್ಮೇಶ.

"ಖರೆ ಹೇಳ್ತೀನಿ ಕೇಳ್ರಿ. ಛಲೋ ಜಾಕ್ ಇದ್ರೂ ಸ್ಟ್ಯಾಂಡ್ ಇಲ್ಲದ ಬುಡಕ ಕೈ ಹಾಕಬಾರ್ದು. ಜಾಕ್ ಇರೂದು ಎತ್ತಾಕ. ಎತ್ತಿದ್ದನ್ನ ಹಿಡದು ನಿಲ್ಲಸೂದು ಸ್ಟ್ಯಾಂಡ್. ಫರಸಿ ಕಲ್ಲು ಪಟ್ಟನ ಸೀಳತೈತಿ. ತುಂಬಿದ ಟ್ರೇಲರಿನ ಕಬ್ಬು ಇಳಸಲಾರದ ಎತ್ತೂದೂ ತಪ್ಪು. ಬರೇ ಜಾಕಿನ ಮ್ಯಾಲೆ ತಪ್ಪು ಹಾಕಿ ಕೈ ತೊಳಕೋಬ್ಯಾಡ್ರಿ."

ಮರುವಾರ ಕಲ್ಮೇಶ ಒಳ್ಳೆಯ ಜಾಕ್ ಮತ್ತು ಎರಡು ಸ್ಟ್ಯಾಂಡ್ ತಂದ, ಬಿಲ್ಲಿನ ಸಮೇತ. ಸ್ಟ್ಯಾಂಡ್ ಇಲ್ಲದೆ ಜಾಕ್ ಯಾರಿಗೂ ಕೊಡುವುದಿಲ್ಲ ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿದ. ಕೆಲವರು ಬೈದುಕೊಂಡು ಮುಂದಿನ ಗ್ಯಾರೇಜಿಗೆ ಹೋದರು. ಬೀಳಗಿಯ ಜಾಗವನ್ನು ಬೇರೊಬ್ಬರು ಹಿಡಿದರು. ವೀರೇಶ ದಿನವೂ ಬಂದು ಕುಳಿತು ಎಂಜಿನ್ ಸದ್ದು ಕೇಳುತ್ತಾನೆ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾನೆ. ಬಿಚ್ಚುವವರು ಬೇರೆಯವರು. ಅಣ್ಣನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಒಂದು ದಿನ ಬಾಳೇಶ ಬಂದ. ಮೂಲೆಯಲ್ಲಿ ಬಿದ್ದಿದ್ದ ಆ ಹಳೆಯ ಜಾಕಿನ ಮೇಲೆ ಅವನ ಕಣ್ಣು ಬಿತ್ತು.

"ಇದನ್ನೇನ ಮಾಡತೀರಿ? ಒಗಿಯೂದಿದ್ರ ನನಗರೆ ಕೊಡ್ರಿ. ಸೀಲ್ ಹಾಕಿಸಿಕೊಂಡ್ರ ಒಂದು ಸೀಜನ್ ಹೊಡೀತೈತಿ."

ಅಚ್ಚಿನ ಕೆಳಗಿಂದ ಕೈ ಎಳೆದು ತೆಗೆದವರಲ್ಲಿ ಬಾಳೇಶನೂ ಒಬ್ಬ. ಅವತ್ತು ಅವನ ಅಂಗಿಯೆಲ್ಲ ರಕ್ತವಾಗಿತ್ತು.

ವೀರೇಶ ಎದ್ದು ಜಾಕನ್ನು ಎಡಗೈಯಲ್ಲಿ ಎಳೆದುಕೊಂಡು ಹೋಗಿ, ಉಳಿದಿದ್ದ ಎಣ್ಣೆ ಬಸಿದ. "ಅಣ್ಣಾ, ಇದರ ರಾಡ್ ಬಿಚ್ಚಿ ವೈಸಿಗೆ ಹಿಡಸು" ಎಂದ. ಎಷ್ಟೋ ದಿನಗಳ ಮೇಲೆ ಅವನು ಅಣ್ಣಾ ಎಂದಿದ್ದ. ಕಲ್ಮೇಶ ರಾಡ್ ಬಿಚ್ಚಿ ಮೇಜಿನ ಮೇಲಿನ ವೈಸಿನ ದವಡೆಗೆ ಬಿಗಿದುಕೊಟ್ಟ. ವೀರೇಶ ಎಡಗೈಯಲ್ಲಿ ಗರಗಸ ಹಿಡಿದು ಕೊಯ್ಯತೊಡಗಿದ. ಕೈ ಸರಿಯಾಗಿ ಕೂಡಲಿಲ್ಲ, ಗರಗಸ ಜಾರುತ್ತಿತ್ತು. ಕಲ್ಮೇಶ ಮುಂದೆ ಬಂದರೆ, "ಬ್ಯಾಡ" ಎಂದ.

"ಸುಮ್ನ ಹಾಳ ಮಾಡಾಕತ್ತೀರಿ" ಎಂದು ಬಾಳೇಶ ಟ್ರ್ಯಾಕ್ಟರ್ ಹತ್ತಿದ.

ಗ್ಯಾರೇಜಿನವರೇ, ವೆಲ್ಡಿಂಗ್ ಅಂಗಡಿಯವರೇ, ಮಗ್ಗದ ಶೆಡ್ಡಿನವರೇ, ಟ್ರ್ಯಾಕ್ಟರ್ ಮಾಲೀಕರೇ, ಈ ಕೆಲಸಕ್ಕೆ ಮನೆಯವರನ್ನು ಕಳಿಸುವ ತಾಯಂದಿರೇ, ಅಕ್ಕತಂಗಿಯರೇ. ಎಲ್ಲವನ್ನೂ ದುಬಾರಿಯದೇ ಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಕೆಟ್ಟರೆ ಬರೀ ಕೆಲಸ ನಿಲ್ಲಿಸುವ ಸಾಮಾನು ಅಗ್ಗದ್ದಿರಲಿ. ಕೆಟ್ಟರೆ ಮೈಗೆ ಗಾಯ ಮಾಡುವ ಸಾಮಾನಿನಲ್ಲಿ ಉಳಿತಾಯ ಬೇಡ. ಬಿಲ್ಲಿಲ್ಲದೆ ಕೊಳ್ಳಬೇಡಿ. ಸ್ಟ್ಯಾಂಡ್ ಇಲ್ಲದೆ ಗಾಡಿಯ ಕೆಳಗೆ ಹೋಗಬೇಡಿ, ಯಾರನ್ನೂ ಕಳಿಸಬೇಡಿ. ಕೆಟ್ಟ ಜಾಕನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಇವತ್ತು ಬಾಗಿಲು ಹಾಕುವ ಮುಂಚೆ ನಿಮ್ಮ ಜಾಕಿಗೆ ಭಾರ ಕೊಟ್ಟು, ದೂರ ನಿಂತು ನೋಡಿ. ಇಳಿಯುತ್ತಿದ್ದರೆ ಅದರ ಬಳಕೆ ಅಲ್ಲಿಗೇ ಬಿಡಿ. ಬಿಡಲು ಮನಸ್ಸಾಗದಿದ್ದರೆ, ನಾಳೆ ಅದನ್ನು ನಂಬಿ ಗಾಡಿಯ ಕೆಳಗೆ ಯಾರನ್ನು ಕೂರಿಸುತ್ತೀರಿ ಎಂಬುದನ್ನು ಮನೆಯಲ್ಲಿ ಹೆಸರು ಹಿಡಿದು ಹೇಳಿ.