ಕೇಳಿ ಪಡೆದ ಮರ್ಯಾದೆ

ಮಗ ಕೀರ್ತನ್ ಕಾಂಬೋಡಿಯದ ಬೊಫಾಳನ್ನು ಮದುವೆಯಾಗಿ ಕೊಲ್ಲಿನಾಡಿನ ರಿಫಾದಲ್ಲಿದ್ದ ತಮ್ಮ ಮನೆಗೆ ಕರೆತಂದ ದಿನ, ಆ ಹುಡುಗಿ ಕೈಮುಗಿದು ಕುಶಲಕ್ಕನನ್ನು "ಮಾಕ್" ಎಂದು ಕರೆದಿದ್ದಳು. ಅವಳ ಖ್ಮೇರ್ ಭಾಷೆಯಲ್ಲಿ ಹಾಗೆಂದರೆ ಅಮ್ಮ. ಕುಶಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಇವಳನ್ನು ನಾನು ಹೆತ್ತದ್ದಾ? ಇವರಲ್ಲಿ ದೊಡ್ಡ ಮನೆಯ ಹೆಂಗಸರನ್ನು ಮರ್ಯಾದೆಯಲ್ಲಿ ಏನಂತ ಕರೀತಾರೆ, ಕೇಳು."

"ಲೋಕ್ ಸ್ರೈ ಅಂತಾರಮ್ಮ. ಆದರೆ ಅದು ಹೊರಗಿನವರಿಗೆ," ಎಂದು ಕೀರ್ತನ್ ತಲೆ ತಗ್ಗಿಸಿದ.

"ಹಾಗೇ ಕರೀಲಿಕ್ಕೆ ಹೇಳು."

ಬೊಫಾ ನಾಲ್ಕು ವರ್ಷ ಹಾಗೆಯೇ ಕರೆದಳು. ಸೀಫ್ ಪೇಟೆಯ ಅಂಗಡಿಯ ಕೆಲಸದಲ್ಲಿ ದಿನವಿಡೀ ನಿಂತು ಬಂದರೂ ಕುಶಲಕ್ಕನ ಊದಿದ ಕಾಲಿಗೆ ಎಣ್ಣೆ ತಿಕ್ಕಿದಳು, ನೀರುದೋಸೆ ಹೊಯ್ಯಲು ಕಲಿತಳು, ಕನ್ನಡ ಕಲಿತಳು. ಬಾಯಿ ತಪ್ಪಿಯೂ ಮಾಕ್ ಎನ್ನಲಿಲ್ಲ. ಹೋದ ತಿಂಗಳು ಕೀರ್ತನನ ಕಾರು ಹೆದ್ದಾರಿಯಲ್ಲಿ ಮಗುಚಿದಾಗ ಆಸ್ಪತ್ರೆಯಿಂದ ಫೋನು ಮಾಡಿದವಳೂ ಅವಳೇ. "ಲೋಕ್ ಸ್ರೈ, ಅವರು ಹೋದರು," ಎಂದಿದ್ದಳು.

ಇವತ್ತು ಅವಳು ತವರಿಗೆ ಹೊರಟಿದ್ದಳು. ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು. ಬಾಗಿಲಲ್ಲಿ ಕುಶಲಕ್ಕ ಅವಳ ಕೈ ಹಿಡಿದುಕೊಂಡರು. ಇದ್ದೊಬ್ಬ ಮಗ ಹೋದ ಮೇಲೆ ತನ್ನನ್ನು ಅಮ್ಮ ಎನ್ನುವವರು ಈ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

"ಅವತ್ತು ನಾನು ಹೇಳಿದ್ದನ್ನು ಮರೆತುಬಿಡು ಮಗಾ. ಇನ್ನು ಮೇಲೆ ಮಾಕ್ ಅಂತ ಕರಿ. ಫೋನಿನಲ್ಲಾದರೂ ಸಾಕು."

ಬೊಫಾಳ ಕಣ್ಣು ತುಂಬಿ ಬಂತು. ಮೊದಲ ದಿನದ ಹಾಗೆಯೇ ಕೈಮುಗಿದು ತಲೆಬಾಗಿದಳು.

"ಆಯ್ತು, ಲೋಕ್ ಸ್ರೈ."